ಭತ್ತಕ್ಕೆ ಏರಿತು, ಹತ್ತಿಗೆ ಏರಲಿಲ್ಲ: ಗಂಜ್‌ನಿಂದ ಶುರುವಾಗುವ ನನ್ನ ಪಾಠ

ರಾಯಚೂರಿನಲ್ಲಿ ಎಂ.ಎ. ಅರ್ಥಶಾಸ್ತ್ರದ ಮಕ್ಕಳಿಗೆ ನಾನು ಹೇಳಿಕೊಡುವುದು ತಂತ್ರಜ್ಞಾನದ ಮಾರುಕಟ್ಟೆ ಮತ್ತು ಅದರ ನಿಯಂತ್ರಣ. ಗೂಗಲ್, ಯುಪಿಐ, ಆನ್‌ಲೈನ್ ಅಂಗಡಿ ಎಲ್ಲವೂ ಬರುತ್ತವೆ. ಆದರೆ ಪಾಠ ಶುರುವಾಗುವುದು ನಮ್ಮೂರ ಕೃಷಿ ಮಾರುಕಟ್ಟೆ ರಾಜೇಂದ್ರ ಗಂಜ್‌ನಿಂದ. ಮಾನ್ವಿ, ಸಿಂಧನೂರು ಕಡೆಯ ಮಕ್ಕಳಿಗೆ ಬೇರೆ ಉದಾಹರಣೆಯೇ ಬೇಕಿಲ್ಲ.

ಗಂಜ್ ಕೂಡ ಈಗ ಆನ್‌ಲೈನ್ ವೇದಿಕೆಯೇ ಅಲ್ವಾ? 2014ರಿಂದ ರಾಜ್ಯದ ಎಪಿಎಂಸಿಗಳು ಒಂದೊಂದಾಗಿ ಏಕೀಕೃತ ಮಾರುಕಟ್ಟೆ ವೇದಿಕೆಗೆ ಸೇರಿದವು. ರೈತನ ಮಾಲು ದಲಾಲಿ ಅಂಗಡಿ ಮುಂದೆ ಇಳಿಯುತ್ತದೆ, ಲಾಟ್ ನಂಬರ್ ಬೀಳುತ್ತದೆ. ಖರೀದಿದಾರರು ಮಾಲು ನೋಡಿ ಆನ್‌ಲೈನ್‌ನಲ್ಲಿ ರೇಟು ಹಾಕುತ್ತಾರೆ. ಒಬ್ಬರದು ಇನ್ನೊಬ್ಬರಿಗೆ ಕಾಣುವುದಿಲ್ಲ. ಹೊತ್ತು ಮುಗಿದ ಮೇಲೆ ಜಾಸ್ತಿ ಹಾಕಿದವರಿಗೆ ಲಾಟ್. ಒಂದೇ ಲೈಸೆನ್ಸ್ ಇಟ್ಟುಕೊಂಡು ಬೇರೆ ಊರಿನ ವ್ಯಾಪಾರಿಯೂ ರೇಟು ಹಾಕಬಹುದು.

ಇದರಿಂದ ರೈತರಿಗೆ ಏನಾಯಿತು ಎಂದು ಅಳೆದ ಒಂದು ಅಧ್ಯಯನ 2020ರಲ್ಲಿ ಬಂತು. ಭತ್ತದ ರೇಟು ಶೇ 5.1, ಶೇಂಗಾ ಶೇ 3.6, ಮೆಕ್ಕೆಜೋಳ ಶೇ 3.5ರಷ್ಟು ಏರಿತ್ತು. ಹತ್ತಿ, ಹೆಸರು, ತೊಗರಿಗೆ ಮಾತ್ರ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ. ಈ ಸಾಲನ್ನು ಬೋರ್ಡ್ ಮೇಲೆ ಬರೆದ ತಕ್ಷಣ ಕ್ಲಾಸ್ ಗದ್ದಲವಾಗುತ್ತದೆ. ನಮ್ಮದು ಹತ್ತಿ ಸೀಮೆ. ಸಾಫ್ಟ್‌ವೇರ್ ಒಂದೇ, ಗಂಜ್ ಒಂದೇ, ಹತ್ತಿಗೆ ಯಾಕಿಲ್ಲ?

ಉತ್ತರ ನಾನು ಹೇಳುವುದಿಲ್ಲ. ಚೀಟಿ ಹಂಚುತ್ತೇನೆ. ಪ್ರತಿ ಚೀಟಿಯಲ್ಲೂ ಒಂದು ಗುಟ್ಟಿನ ಮೊತ್ತ, ಅದಕ್ಕಿಂತ ಜಾಸ್ತಿ ಕೊಟ್ಟರೆ ಆ ಖರೀದಿದಾರನಿಗೆ ನಷ್ಟ. ಮೊದಲು ಇಬ್ಬರೇ ರೇಟು ಬರೆಯಬೇಕು. ಆಮೇಲೆ ಇಡೀ ಕ್ಲಾಸ್ ಬರೆಯುತ್ತದೆ, ರೇಟು ಮೇಲಕ್ಕೆ ಹೋಗುತ್ತದೆ. ಕೊನೆಗೆ, ಬರೆಯುವ ಮುಂಚೆ ಎಲ್ಲರೂ ಹೊರಗೆ ಹೋಗಿ ಐದು ನಿಮಿಷ ಮಾತಾಡಿ ಬನ್ನಿ ಎನ್ನುತ್ತೇನೆ. ಬಂದ ಮೇಲೆ ರೇಟು ದಬಕ್ಕನೆ ಬೀಳುತ್ತದೆ. ಆಗ 2002ರ ಸ್ಪರ್ಧಾ ಕಾಯ್ದೆಯ 3ನೇ ಸೆಕ್ಷನ್ ತೆಗೆಯುತ್ತೇವೆ. ಟೆಂಡರಿನಲ್ಲಿ ಒಳಒಪ್ಪಂದ ಮಾಡಿಕೊಳ್ಳುವುದಕ್ಕೆ ಅದು ತಡೆ ಹಾಕುತ್ತದೆ. ಇಷ್ಟಾದ ಮೇಲೆ ಸೆಕ್ಷನ್ ಓದಿದರೆ ಯಾರಿಗೂ ನಿದ್ದೆ ಬರುವುದಿಲ್ಲ.

ಸಂಶೋಧನೆಗೆ ಇಳಿದವರಿಗೆ ಸರಾಸರಿ ರೇಟಿನ ಹಿಂದೆ ಬೀಳಬೇಡಿ ಎನ್ನುತ್ತೇನೆ. ಒಂದು ಲಾಟ್‌ಗೆ ಎಷ್ಟು ಜನ ರೇಟು ಹಾಕಿದರು, ಮೊದಲನೆಯವರಿಗೂ ಎರಡನೆಯವರಿಗೂ ಅಂತರ ಎಷ್ಟು, ಇದನ್ನು ಬರೆದುಕೊಳ್ಳಬೇಕು. ಅದೂ ಒಂದೇ ದಿನದ, ಒಂದೇ ತರಹದ ಮಾಲಿಗೆ. ಹತ್ತಿಯಲ್ಲಿ ತೇವ, ಕಸ, ಎಳೆಯ ಉದ್ದ ನೋಡದೆ ಯಾರೂ ರೇಟು ಹಾಕುವುದಿಲ್ಲ. ದೂರದ ಊರಿನ ವ್ಯಾಪಾರಿ ಸ್ಕ್ರೀನ್ ಮೇಲೆ ಅದನ್ನು ಹೇಗೆ ನೋಡಬೇಕು? ಲೈಸೆನ್ಸ್ ಕೊಟ್ಟರೂ ಅವನು ಬರಲಾರ.

ಇನ್ನೊಂದು ಗಂಟು ಮುಂಗಡದ್ದು. ಬೀಜ, ಗೊಬ್ಬರಕ್ಕೆ ದುಡ್ಡು ಕೊಟ್ಟ ದಲಾಲಿಯ ಅಂಗಡಿಗೇ ಮಾಲು ಹೋಗುತ್ತದೆ. ಆದರೆ ತೂಕದ ಹೊತ್ತಲ್ಲಿ "ಸಾಲ ಎಷ್ಟಿದೆ" ಎಂದು ಕೇಳಿದರೆ ಯಾವ ರೈತರೂ ಬಾಯಿ ಬಿಡುವುದಿಲ್ಲ, ಬಿಡಬೇಕಾಗೂ ಇಲ್ಲ. ಮಾರಾಟದ ಲೆಕ್ಕದ ಪಟ್ಟಿ ಕೈಗೆ ಬಂದ ಮೇಲೆ, ಚಹಾ ಅಂಗಡಿಯಲ್ಲಿ, "ಈ ಸಲ ಬೀಜ ಎಲ್ಲಿ ತಂದ್ರಿ ಕಾಕಾ?" ಎಂದರೆ ಸಾಕು. ಉಳಿದದ್ದು ತಾನೇ ಬರುತ್ತದೆ.

ಇಲ್ಲಿಂದ ಆಂಡ್ರಾಯ್ಡ್‌ಗೆ ಹೋಗುವುದು ಸುಲಭ. 2022ರ ಅಕ್ಟೋಬರ್‌ನಲ್ಲಿ ಸ್ಪರ್ಧಾ ಆಯೋಗ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಫೋನ್ ಕಂಪನಿಗಳು ಗೂಗಲ್‌ನ ಆ್ಯಪ್‌ಗಳನ್ನು ಒಟ್ಟಿಗೆ ತುಂಬಿಯೇ ಮಾರಬೇಕು ಎಂಬ ಕರಾರು ಅದರ ಮುಖ್ಯ ತಕರಾರುಗಳಲ್ಲಿ ಒಂದು. ಸರ್ಚ್ ಬದಲಿಸಲು ಯಾರೂ ಅಡ್ಡ ಬರುವುದಿಲ್ಲ, ಆದರೂ ಬದಲಿಸುವವರು ಕಡಿಮೆ. ಇದೂ ಮುಂಗಡದ ಹಾಗೇನಾ? ಅಲ್ಲ ಎನ್ನುವವರು ಕ್ಲಾಸಿನಲ್ಲಿ ಯಾವಾಗಲೂ ಇರುತ್ತಾರೆ. ಒಂದು ಕಡೆ ಸಾಲ, ಇನ್ನೊಂದು ಕಡೆ ಬರೀ ಸೋಮಾರಿತನ ಎಂಬುದು ಅವರ ವಾದ. ನನಗೂ ಆ ವಾದ ಇಷ್ಟ.

ಯುಪಿಐಯಲ್ಲಿ ಕಥೆ ತಿರುಗುತ್ತದೆ. ಅಲ್ಲಿ ಯಾವ ಆ್ಯಪ್‌ನಿಂದ ಯಾವ ಕ್ಯೂಆರ್‌ಗೂ ದುಡ್ಡು ಹಾಕಬಹುದು, ಕಟ್ಟುಪಾಡಿಲ್ಲ. ಆದರೂ ವಹಿವಾಟಿನ ಬಹುಪಾಲು ಎರಡೇ ಆ್ಯಪ್‌ಗಳ ಕೈಯಲ್ಲಿದೆ. ಒಂದು ಆ್ಯಪ್‌ಗೆ ಒಟ್ಟು ವಹಿವಾಟಿನ ಶೇ 30 ಮಿತಿ ಎಂದು ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ 2020ರಲ್ಲಿ ಹೇಳಿತು. ಗಡುವು ಮುಂದೆ ಹೋಗುತ್ತಾ 2026ರ ಕೊನೆಗೆ ಬಂದು ನಿಂತಿದೆ. "ಮೇಡಂ, ಶೇ 30 ದಾಟಿದ ಮೇಲೆ ಗಿರಾಕಿಗೆ ಬೇಡ ಅಂತಾರಾ?" ಎಂದು ಕಿರಾಣಿ ಅಂಗಡಿಯ ಮನೆಯ ಹುಡುಗಿಯೊಬ್ಬಳು ಕೇಳಿದಳು. ಆ ಮಿತಿಯ ತೊಂದರೆ ಅದೇ. ನನಗದು ಮೊಂಡು ಕೊಡಲಿಯ ಕೆಲಸ ಅನಿಸುತ್ತದೆ.

ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಖಾಯಂ: ದಲಾಲಿ ಮುಂಗಡವನ್ನು ನಿಷೇಧಿಸಿದರೆ ಹತ್ತಿ ರೇಟು ಏರುತ್ತದೆಯೇ? ಹೌದು ಎಂದವರಿಗೂ ಇಲ್ಲ ಎಂದವರಿಗೂ ಅಂಕ ಕೊಡುತ್ತೇನೆ. ಹಾಗಾದರೆ ಜೂನ್‌ನಲ್ಲಿ ಬೀಜಕ್ಕೆ ದುಡ್ಡು ಕೊಡುವವರು ಯಾರು ಎಂದು ಬರೆದವರಿಗೆ ಜಾಸ್ತಿ.