ಮಂಚದ ಪಕ್ಕದ ವೈಫೈ ರೇಡಿಯೊ ಬೆಳಗ್ಗೆ ಎಬ್ಬಿಸಬೇಕಾದರೆ

ಹೋದ ಮಳೆಗಾಲದಲ್ಲಿ ನಮಗೆ ಧರ್ಮಸ್ಥಳದ ಬಸ್ಸು ತಪ್ಪಿತು. ಬೆಳಗ್ಗೆ 6 ಗಂಟೆಗೆ ಬಸ್ಸು, ನಾಲ್ಕೂವರೆಗೆ ಅಲಾರಂ ಇಟ್ಟಿದ್ದೆ, ಕಣ್ಣು ಬಿಟ್ಟಾಗ ಹಾಲಿನ ಹುಡುಗ ಗೇಟು ಬಡಿಯುತ್ತಿದ್ದ. ಗಂಟೆ ಐದು ಮುಕ್ಕಾಲು. ಮಂಚದ ಪಕ್ಕದ ರೇಡಿಯೊ ಕಪ್ಪಗೆ ಕೂತಿತ್ತು. ರಾತ್ರಿ ಯಾವಾಗಲೋ ಕರೆಂಟು ಹೋಗಿತ್ತು, ಅಷ್ಟೇ ಕಥೆ. ನಮ್ಮನೆಯವರು ಆ ಪೆಟ್ಟಿಗೆಗೆ ಚೆನ್ನಾಗಿ ಬೈದರು. ನಾನು ಸುಮ್ಮನಿದ್ದೆ. ಬ್ಯಾಟರಿ ಹಾಕಿಸು ಎಂದು ಮಗ ಒಂದೂವರೆ ವರ್ಷದಿಂದ ಹೇಳುತ್ತಿದ್ದ, ಆಗಲಿ ಆಗಲಿ ಎಂದು ದಿನ ತಳ್ಳಿದವಳು ನಾನೇ ಅಲ್ವಾ.

ಇದು ಮಗ ನ್ಯೂಜೆರ್ಸಿಯಲ್ಲಿ ಬಳಸಿ ಸಾಕಾಗಿ ಮೈಸೂರಿಗೆ ತಂದುಕೊಟ್ಟ ಹಳೇ ಸ್ಕ್ವೀಜ್‌ಬಾಕ್ಸ್ ರೇಡಿಯೊ. 2009ರಲ್ಲಿ ಬಂದ ಮಾಡೆಲ್, 2012ರಲ್ಲಿ ತಯಾರಿಸುವುದನ್ನೇ ನಿಲ್ಲಿಸಿದರು. ಆದರೂ ಇವತ್ತಿಗೂ ಹಾಡುತ್ತದೆ. ಅದಕ್ಕೆ ಬೇಕಾದ, ಕಂಪ್ಯೂಟರಿನಲ್ಲಿ ಕೂತು ಹಾಡು ಕಳಿಸಿಕೊಡುವ ಸರ್ವರ್ ಸಾಫ್ಟ್‌ವೇರ್ ಈಗ ಲಿರಿಯನ್ ಅನ್ನುವ ಹೆಸರಲ್ಲಿ ದುಡ್ಡಿಲ್ಲದೆ ಸಿಗುತ್ತದೆ, ಅಂಗೈ ಮೇಲೆ ಇಡಬಹುದಾದಷ್ಟು ಪುಟ್ಟ ರಾಸ್ಪ್‌ಬೆರಿ ಪೈ ಕಂಪ್ಯೂಟರಿನಲ್ಲೂ ಓಡುತ್ತದೆ. ನಿಮ್ಮ ಮನೆಯಲ್ಲಿ ಇರುವುದು ಬೇರೆ ಕಂಪನಿಯದ್ದೇ ಇರಬಹುದು, ಆದರೆ ಪಾಡು ಒಂದೇ. ಕೀ ಕೊಡುವ ಗಡಿಯಾರ ತಾನೊಂದು ಎಚ್ಚರ ಇದ್ದರೆ ಸಾಕು. ಈ ವೈಫೈ ಪೆಟ್ಟಿಗೆ ಹಾಗಲ್ಲ, ಅದು ಹಾಡಬೇಕಾದರೆ ಕರೆಂಟು, ರೌಟರ್, ಹಾಡು ಇಟ್ಟಿರುವ ಕಂಪ್ಯೂಟರ್, ಊರಾಚೆ ಎಲ್ಲೋ ಇರುವ ರೇಡಿಯೊ ಸ್ಟೇಷನ್, ಇಷ್ಟೂ ನಿಮಗಿಂತ ಮೊದಲು ಎದ್ದಿರಬೇಕು. ಒಬ್ಬರು ಮಲಗಿದರೂ ನೀವೂ ಮಲಗಿರುತ್ತೀರಿ.

ಹಾಗಾಗಿ ಮೊದಲು ಕರೆಂಟು ನೋಡಿಕೊಳ್ಳಿ. ರೇಡಿಯೊಗೆ ಬ್ಯಾಟರಿ ಹಾಕುವ ಜಾಗ ಇದ್ದರೆ ಹಾಕಿಸಿ. ಅದೊಂದೇ ಸಾಲದು, ರೌಟರಿಗೂ ಬೇಕು. ಕರೆಂಟು ಹೋದಾಗ ಬ್ಯಾಟರಿಯಿಂದ ನಡೆಸಲು ರೌಟರಿಗೆ ಅಂತಲೇ ಪುಟ್ಟ ಯುಪಿಎಸ್ ಸಿಗುತ್ತದೆ, ಊಟದ ಡಬ್ಬಿಯಷ್ಟು ದೊಡ್ಡದು. ಕೊಳ್ಳುವ ಮೊದಲು ರೌಟರಿನ ಅಡಾಪ್ಟರನ್ನು ತಿರುಗಿಸಿ ಹಿಂದೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಅಂತ ಬರೆದಿದೆ ನೋಡಿ, ಸಾಮಾನ್ಯವಾಗಿ 12 ವೋಲ್ಟ್ ಇರುತ್ತದೆ, 9 ಇರುವುದೂ ಉಂಟು. ಮನೆಯಲ್ಲಿ ಇನ್ವರ್ಟರ್ ಇದೆ, ನಮಗ್ಯಾಕೆ ಅನ್ನಬೇಡಿ. ಕೆಲವು ಇನ್ವರ್ಟರುಗಳು ಲೈನಿನಿಂದ ಬ್ಯಾಟರಿಗೆ ಹಾರುವಾಗ ಕಣ್ಣು ಮಿಟುಕಿಸಿದಷ್ಟು ಹೊತ್ತು ತಡವಾಗುತ್ತದೆ. ಫ್ಯಾನಿಗೆ ಅದು ಗೊತ್ತೇ ಆಗುವುದಿಲ್ಲ, ರೌಟರ್ ಮಾತ್ರ ಆರಿ ಮತ್ತೆ ಮೊದಲಿಂದ ಶುರು ಮಾಡುತ್ತದೆ. ನಮ್ಮದಕ್ಕೆ ಪೂರ್ತಿ ಏಳಲು ಮೂರು ನಿಮಿಷ ಬೇಕು.

ಇನ್ನೊಂದು ಕರೆಂಟು ಕಳ್ಳತನ ಮನೆಯೊಳಗೇ ನಡೆಯುತ್ತದೆ. ಮಂಚದ ಪಕ್ಕ ಇರುವುದೇ ಒಂದು ಸ್ವಿಚ್ ಬೋರ್ಡು. ರಾತ್ರಿ ಯಾರೋ ಬಂದು ಸೊಳ್ಳೆ ಲಿಕ್ವಿಡ್ ಹಾಕಲು ರೇಡಿಯೊ ಪಿನ್ ಕೀಳುತ್ತಾರೆ, ಇಲ್ಲ ಮೊಬೈಲ್ ಚಾರ್ಜಿಗೆ ಕೀಳುತ್ತಾರೆ, ಬೆಳಗ್ಗೆ ಕೇಳಿದರೆ ನಾನಲ್ಲ ಅಂತಾರೆ. ನಾನು ಆ ಪಿನ್ನಿಗೆ ಕೆಂಪು ಇನ್ಸುಲೇಷನ್ ಟೇಪು ಸುತ್ತಿದ್ದೇನೆ. ಕೆಂಪು ಮುಟ್ಟಿದರೆ ಮಾರನೆ ದಿನ ಕಾಫಿ ಇಲ್ಲ ಅಂತ ಮನೆಗೆಲ್ಲ ಹೇಳಿಯೂ ಆಗಿದೆ.

ಹೊರದೇಶದಿಂದ ತಂದ ಪೆಟ್ಟಿಗೆಯಾದರೆ ಎರಡು ವಿಷಯ. ಒಂದು, ಅಡಾಪ್ಟರಿನ ಮೇಲೆ 100-240 ವೋಲ್ಟ್ ಅಂತ ಇದ್ದರೆ ಮಾತ್ರ ಪಿನ್ ಬದಲಾಯಿಸಿ ನಮ್ಮ ಪ್ಲಗ್ಗಿಗೆ ಹಾಕಿ. ಬರೀ 120 ಅಂತಿದ್ದರೆ ಹಾಕಲೇಬೇಡಿ, ಸುಟ್ಟು ಹೋಗುತ್ತದೆ. ಎರಡು, ಟೈಮ್ ಝೋನ್. ಇಂಥ ಪೆಟ್ಟಿಗೆಗಳು ಗಂಟೆಯನ್ನು ನೆಟ್‌ವರ್ಕಿನಿಂದಲೇ ತೆಗೆದುಕೊಳ್ಳುತ್ತವೆ, ನಾವು ಮುಳ್ಳು ತಿರುಗಿಸುವ ಹಾಗಿಲ್ಲ. ನಮ್ಮದು ಬಂದ ಹೊಸತರಲ್ಲಿ ಅದರ ಹೊಟ್ಟೆಯಲ್ಲಿ ಅಮೆರಿಕದ ಟೈಮೇ ಇತ್ತು. ಐದೂವರೆಗೆ ಇಟ್ಟ ಅಲಾರಂ ಮಧ್ಯಾಹ್ನ ಸರಿಯಾಗಿ 3 ಗಂಟೆಗೆ, ಊಟ ಮಾಡಿ ಕಣ್ಣು ಮುಚ್ಚಿದ ಹೊತ್ತಿಗೆ, ಹೊಡೆದುಕೊಳ್ಳುತ್ತಿತ್ತು. ನವೆಂಬರ್ ಬಂದ ಮೇಲೆ ಅದೇ ಅಲಾರಂ 4 ಗಂಟೆಗೆ ಹೋಯಿತು. ಅವರು ಅಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹಾಕಿದರಂತೆ. ನಮ್ಮ ಮಧ್ಯಾಹ್ನದ ನಿದ್ದೆಗೂ ಅವರ ಚಳಿಗಾಲಕ್ಕೂ ಸಂಬಂಧ ಇದೆ ಅಂತ ನನಗೆ ಆಗಲೇ ಗೊತ್ತಾಗಿದ್ದು.

ಈಗ ಏನು ಹಾಡಿಸಬೇಕು ಅನ್ನುವುದು. ಇದರಲ್ಲಿ ನಾನು ತಿಂದಷ್ಟು ಪೆಟ್ಟು ಯಾರೂ ತಿಂದಿರಲಿಕ್ಕಿಲ್ಲ. ಮೊದಲು ರೇಡಿಯೊ ಸ್ಟೇಷನ್ನನ್ನೇ ಇಟ್ಟೆ. ನಾನು ಮೈಸೂರಿನವಳು ನೋಡಿ, 1935ರಲ್ಲಿ ಗೋಪಾಲಸ್ವಾಮಿ ಮೇಷ್ಟ್ರು ತಮ್ಮ ಮನೆಯಲ್ಲೇ ರೇಡಿಯೊ ಶುರು ಮಾಡಿ ಅದಕ್ಕೆ ಆಕಾಶವಾಣಿ ಅಂತ ಹೆಸರಿಟ್ಟ ಊರಿನಲ್ಲಿ ಬೆಳಗ್ಗೆ ರೇಡಿಯೊ ಕೇಳದೆ ಏಳುವುದು ಹೇಗೆ? ಆದರೆ ನಾನು ಅಲಾರಂ ಇಟ್ಟ ಹೊತ್ತಿಗೆ ಸ್ಟೇಷನ್ನಿನವರು ಪ್ರಸಾರವನ್ನೇ ಶುರು ಮಾಡಿರಲಿಲ್ಲ. ಪೆಟ್ಟಿಗೆ ತನ್ನ ಪಾಡಿಗೆ ಸ್ಟೇಷನ್ನಿಗೆ ಅಂಟಿಕೊಂಡು ಮೌನವನ್ನು ಹಾಡಿಸುತ್ತಾ ಕೂತಿತ್ತು. ಅದರ ಲೆಕ್ಕದಲ್ಲಿ ಅಲಾರಂ ಹೊಡೆದಾಗಿದೆ. ಆಮೇಲೆ, ಇಂಟರ್ನೆಟ್ಟಿನಲ್ಲಿ ಬರುವ ರೇಡಿಯೊ ಸ್ವಲ್ಪ ಹಿಂದೆ ಬೀಳುತ್ತದೆ. ಅಡುಗೆಮನೆಯ ಎಫ್ಎಂನಲ್ಲಿ ವಾರ್ತೆ ಶುರುವಾಗಿ ಒಂದೆರಡು ವಾಕ್ಯ ಮುಗಿದ ಮೇಲೆ ಮಲಗುವ ಕೋಣೆಯಲ್ಲಿ ಶುರುವಾಗುತ್ತದೆ, ಅದನ್ನು ಕೇಳಿ ಗಡಿಯಾರ ಸರಿಮಾಡಿಕೊಳ್ಳಬೇಡಿ. ಎಬ್ಬಿಸುವುದಕ್ಕೆ ಮನೆಯಲ್ಲೇ ಇಟ್ಟುಕೊಂಡ ಹಾಡು, ಎದ್ದ ಮೇಲೆ ಕೇಳುವುದಕ್ಕೆ ರೇಡಿಯೊ, ಈ ಏರ್ಪಾಡೇ ಸರಿ.

ಮನೆಯ ಹಾಡು ಅಂದಾಗಲೂ ಎಡವಿದೆ. ಅಹಿರ್ ಭೈರವ್ ಬೆಳಗಿನ ರಾಗ, ಚೆನ್ನಾಗಿರುತ್ತದೆ ಅಂತ ಒಂದು ಸಿತಾರ್ ಇಟ್ಟೆ. ಹತ್ತು ನಿಮಿಷ ಬರೀ ಆಲಾಪ, ತಬಲಾ ಬರುವಷ್ಟರಲ್ಲಿ ನಾನು ಇನ್ನೊಂದು ಸುತ್ತು ನಿದ್ದೆಯಲ್ಲಿದ್ದೆ. ಸರಿ, ದಿನಕ್ಕೊಂದು ಹಾಡು ಬರಲಿ ಅಂತ ಷಫಲ್ ಒತ್ತಿದೆ. ಎರಡು ದಿನ ಕೊಳಲು, ವೀಣೆ ಬಂತು. ಮೂರನೇ ದಿನ ಬೆಳಗಿನ ಜಾವ ಐದೂವರೆಗೆ ನಾದಸ್ವರ, ಡೋಲು ಸಮೇತ ಗಟ್ಟಿಮೇಳ! ಮೊಮ್ಮಗಳ ಮದುವೆಗೆ ಅಂತ ಇಟ್ಟುಕೊಂಡಿದ್ದ ಫೈಲು ಅದು. ನಮ್ಮನೆಯವರು ಎದ್ದು ಕೂತು ಅಕ್ಷತೆ ಎಲ್ಲಿ ಅಂತ ಕೇಳಿದರು. ಅವರಿಗೆ ಬಿಪಿ ಬೇರೆ.

ಅಲಾರಂಗೆ ಅಂತಲೇ ಬೇರೆ ಪ್ಲೇಲಿಸ್ಟ್ ಮಾಡಿ, ಅದರಲ್ಲಿ ಮೂರೋ ನಾಲ್ಕೋ ಹಾಡು ಸಾಕು. ಮೊದಲ ಸೆಕೆಂಡಿನಿಂದಲೇ ದನಿ ಇರಬೇಕು, ಆದರೆ ಗುಂಡಿಗೆ ಒದೆಯಬಾರದು. ರಿಪೀಟ್ ಹಾಕಿರಿ, ಇಲ್ಲದಿದ್ದರೆ ನಾಲ್ಕು ನಿಮಿಷ ಹಾಡಿ ಸುಮ್ಮನಾಗುತ್ತದೆ. ನಿಮಗೆ ಬಹಳ ಇಷ್ಟವಾದ ಹಾಡನ್ನು ಮಾತ್ರ ಇಡಬೇಡಿ, ತಿಂಗಳೊಳಗೆ ಅದನ್ನು ಕೇಳಿದರೆ ಮೈ ಉರಿಯುತ್ತದೆ. ನನ್ನ ಒಂದು ಒಳ್ಳೇ ದೇವರನಾಮ ಹಾಗೇ ಹಾಳಾಯಿತು.

ವಾಲ್ಯೂಮ್ ವಿಷಯಕ್ಕೆ ಬಂದರೆ, ಅಲಾರಂ ವಾಲ್ಯೂಮ್ ಬೇರೆ, ರಾತ್ರಿ ಕೇಳುವ ವಾಲ್ಯೂಮ್ ಬೇರೆ ಇಡಲು ಬರುತ್ತದಾ ನೋಡಿ. ಬರದಿದ್ದರೆ ರಾತ್ರಿ ಪಿಸುಮಾತಿನಷ್ಟು ಇಳಿಸಿ ಮಲಗಿದವರನ್ನು ಬೆಳಗ್ಗೆಯೂ ಪಿಸುಮಾತಿನಲ್ಲೇ ಕರೆಯುತ್ತದೆ. ನಿಧಾನ ಏರುವ ಸೌಲಭ್ಯ ಇದ್ದರೆ ಹಾಕಿಕೊಳ್ಳಿ. ಮಧ್ಯಾಹ್ನ ಪರೀಕ್ಷೆ ಮಾಡಿ ವಾಲ್ಯೂಮ್ ತೀರ್ಮಾನಿಸಬೇಡಿ, ಬೆಳಗಿನ ಜಾವ ರಸ್ತೆಯ ಸದ್ದು ಇರುವುದಿಲ್ಲ, ಅರ್ಧದಷ್ಟು ಸಾಕಾಗುತ್ತದೆ. ಪರದೆಯ ಬೆಳಕು ರಾತ್ರಿಗೆ ತಗ್ಗಿಸಿ. ಮೇಲೆ ಕ್ರೋಶಾ ಬಟ್ಟೆ ಹೊದಿಸಬೇಡಿ, ಬಿಸಿ ಹೊರಗೆ ಹೋಗುವುದಿಲ್ಲ. ಕೈಗೆ ಎಟುಕುವ ಹಾಗೂ ಇಡಬೇಡಿ, ಎರಡು ಹೆಜ್ಜೆ ದೂರ ಇರಲಿ.

ರಾತ್ರಿ ರೇಡಿಯೊ ಕೇಳುತ್ತಾ ಮಲಗುವವರು ಸ್ಲೀಪ್ ಟೈಮರ್ ಹಾಕಿ, ಹೇಳಿದಷ್ಟು ಹೊತ್ತಾದ ಮೇಲೆ ತಾನೇ ನಿಲ್ಲುತ್ತದೆ. ಮೊಬೈಲ್ ಹಾಟ್‌ಸ್ಪಾಟ್ ಮೇಲೆ ನಡೆಸುವ ಮನೆಗಳಲ್ಲಂತೂ ಇದು ಮುಖ್ಯ. 128 ಕೆಬಿಪಿಎಸ್ ವೇಗದಲ್ಲಿ ಬರುವ ಸ್ಟೇಷನ್ ಗಂಟೆಗೆ ಸುಮಾರು 58 ಎಂಬಿ ಡೇಟಾ ತಿನ್ನುತ್ತದೆ, ಎಂಟು ಗಂಟೆ ಬಿಟ್ಟರೆ 460 ಎಂಬಿ, ನೀವು ಗೊರಕೆ ಹೊಡೆಯುತ್ತಿರುವಾಗ.

ಹಾಡು ಇಟ್ಟಿರುವ ಕಂಪ್ಯೂಟರನ್ನು ಮಾತ್ರ ರಾತ್ರಿ ಯಾರೂ ಆಫ್ ಮಾಡಬಾರದು. ಮೊದಲು ನಮ್ಮ ಸರ್ವರ್ ಇದ್ದದ್ದು ನಡುಮನೆಯ ದೊಡ್ಡ ಕಂಪ್ಯೂಟರಿನಲ್ಲಿ. ರಜೆಗೆ ಬಂದ ಮೊಮ್ಮಗ ಜಾಣ ಮಗು, ಆಟ ಮುಗಿಸಿ ಕರೆಂಟು ಉಳಿಸೋಣ ಅಂತ ಆರಿಸಿ ಮಲಗಿದ. ಬೆಳಗ್ಗೆ ಕೊಳಲಿನ ಬದಲು ಬೀಪ್ ಬೀಪ್. ಸರ್ವರ್ ಸಿಗದಿದ್ದರೆ ಈ ಪೆಟ್ಟಿಗೆ ತನ್ನೊಳಗೇ ಇರುವ ಒಂದು ಸದ್ದನ್ನು ಹೊಡೆಯುತ್ತದೆ, ಅವತ್ತು ಅದೇ ನಮ್ಮನ್ನು ಕಾಪಾಡಿದ್ದು. ನಿಮ್ಮದರಲ್ಲಿ ಇಂಥದ್ದು ಇದೆಯಾ ಅಂತ ತಿಳಿದುಕೊಳ್ಳಲು ಸುಲಭದ ದಾರಿ ಇದೆ. ಭಾನುವಾರ ಸಂಜೆ ಐದು ನಿಮಿಷ ಮುಂದಕ್ಕೆ ಅಲಾರಂ ಇಟ್ಟು, ರೌಟರಿನ ಪಿನ್ ಕಿತ್ತು, ಮುಂದೆ ಕೂತು ಕಾಫಿ ಕುಡಿಯಿರಿ. ಹೊಡೆದರೆ ಸರಿ. ಹೊಡೆಯದಿದ್ದರೆ ಅದು ಹಾಡು ಕೇಳುವ ಪೆಟ್ಟಿಗೆ ಅಷ್ಟೇ, ಅದನ್ನೊಂದೇ ನಂಬಿ ಮಲಗಬೇಡಿ.

ಬಸ್ಸು, ರೈಲು, ಆಸ್ಪತ್ರೆ ಇರುವ ದಿನ ನಾನು ಹಳೇ ಕೀ ಗಡಿಯಾರವನ್ನೂ ಇಡುತ್ತೇನೆ, ರೇಡಿಯೊಗಿಂತ ಹತ್ತು ನಿಮಿಷ ತಡವಾಗಿ. ಬರೀ ಮೇಜಿನ ಮೇಲಲ್ಲ, ಸ್ಟೀಲ್ ತಟ್ಟೆಯ ಮೇಲೆ. ಹೊಡೆದರೆ ತಟ್ಟೆ ಸಮೇತ ನಡುಗುತ್ತದೆ, ಪಕ್ಕದ ಮನೆಯವರೂ ಏಳುತ್ತಾರೆ. ಈ ಸಲ ಧರ್ಮಸ್ಥಳಕ್ಕೆ ಹೋದಾಗ ಅದು ಹೊಡೆಯುವ ಮೊದಲೇ ಕೊಳಲು ಕೇಳಿ ಎದ್ದಿದ್ದೆ, ಆದರೆ ಗಡಿಯಾರ ನಿಲ್ಲಿಸುವುದು ಮರೆತು ಬಚ್ಚಲಿಗೆ ಹೋದೆ.