ಲಿವಿಂಗ್ ವಿಲ್ ಮಾಡಿಸಿಡೋದು ಹೇಗೆ?

ಐಸಿಯು ಬಾಗಿಲಲ್ಲಿ ಡಾಕ್ಟರು "ವೆಂಟಿಲೇಟರ್ ಮುಂದುವರ್ಸೋಣ್ವಾ?" ಅಂತ ಕೇಳ್ದಾಗ ಮಕ್ಕಳು ಹೂಂ ಅಂದ್ರೂ ಸಂಕಟ, ಬೇಡ ಅಂದ್ರೂ ಸಂಕಟ. ಆ ಪ್ರಶ್ನೆಗೆ ಉತ್ತರನ ನಾವು ಗಟ್ಟಿಯಾಗಿರೋವಾಗ್ಲೇ ಬರೆದಿಡಬಹುದು, ಆ ಪತ್ರಕ್ಕೇ ಲಿವಿಂಗ್ ವಿಲ್ ಅನ್ನೋದು.

ಒಂದು ಮಾತು ಮೊದ್ಲೇ ಸ್ಪಷ್ಟ ಇರ್ಲಿ. ಇಂಜೆಕ್ಷನ್ ಕೊಟ್ಟು ಸಾಯ್ಸೋದು ನಮ್ಮ ದೇಶದಲ್ಲಿ ಅಪರಾಧ, ಪೇಷಂಟೇ ಬೇಡ್ಕೊಂಡ್ರೂ ಅಪರಾಧನೇ. ವಾಸಿಯಾಗೋ ಆಸೆನೇ ಇಲ್ದಿರೋವಾಗ ಯಂತ್ರ ತೆಗೆದು ಸಹಜ ಸಾವಿಗೆ ಬಿಡೋದಕ್ಕೆ ಮಾತ್ರ ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿಗೆ ಕೊಡ್ತು. ಹೊನ್ನಾವರದ ಹಳದಿಪುರದ ಅರುಣಾ ಶಾನಭಾಗ ಮುಂಬೈ ಕೆಇಎಂ ಆಸ್ಪತ್ರೇಲಿ ನರ್ಸ್ ಆಗಿದ್ರು, 1973ರಲ್ಲಿ ನಡೆದ ಹಲ್ಲೆ ಆದ್ಮೇಲೆ 2015ರಲ್ಲಿ ತೀರ್ಕೊಳ್ಳೋವರೆಗೂ ಹಾಸಿಗೆ ಬಿಟ್ಟು ಏಳ್ಲೇ ಇಲ್ಲ. 2011ರಲ್ಲಿ ದಯಾಮರಣ ಕೊಡಿ ಅಂತ ಒಬ್ರು ಕೋರ್ಟಲ್ಲಿ ವಾದಿಸಿದ್ರು, ನಾವು ನೋಡ್ಕೋತೀವಿ ಅಂತ ಆಸ್ಪತ್ರೆಯವ್ರು ಅಂದ್ರು, ಕೋರ್ಟ್ ಆಸ್ಪತ್ರೆಯವ್ರ ಮಾತು ಕೇಳ್ತು, ಆದ್ರೆ ಆಕೆಗೇನು ಬೇಕಿತ್ತು ಅಂತ ಯಾರಿಗೂ ಗೊತ್ತಿರ್ಲಿಲ್ಲ. ನಂಗೆ ಅತೀ ಕಾಡೋದು ಅದೇ.

ಹಾಗಾಗಿ ಮೊದ್ಲು ಮನೆಯವ್ರ ಜೊತೆ ಕೂತು ಮಾತಾಡಿ, ಕಾಗದ ಆಮೇಲೆ. ಅಪಶಕುನ ಅಂತ ಬೈತಾರೆ, ಬೈಲಿ ಬಿಡಿ. ಫ್ಯಾಮಿಲಿ ಡಾಕ್ಟರನ್ನೂ ಕೇಳಿ ಯಾವ ಸ್ಥಿತೀಲಿ ಏನು ಬೇಡ ಅಂತ ಬಿಡಿಸಿ ಬರೀರಿ: ವೆಂಟಿಲೇಟರ್, ಡಯಾಲಿಸಿಸ್, ಎದೆ ಒತ್ತಿ ಹೃದಯ ಮತ್ತೆ ಶುರು ಮಾಡೋದು, ಹೀಗೆ. ನೋವು ಕಮ್ಮಿ ಮಾಡೋ ಔಷಧಿ ಮಾತ್ರ ಕೊನೇವರೆಗೂ ಬೇಕು ಅಂತ ತಪ್ಪದೆ ಸೇರ್ಸಿ. ನಿಮಗೆ ಪ್ರಜ್ಞೆ ಇಲ್ದಾಗ ನಿಮ್ಮ ಪರವಾಗಿ ನಿರ್ಧಾರ ಮಾಡೋಕೆ ನಂಬಿಕೆಯ ಇಬ್ಬರ ಹೆಸರು ಹಾಕಿ. ಇಬ್ರು ಸಾಕ್ಷಿಗಳ ಮುಂದೆ ಸೈನ್ ಮಾಡಿ ನೋಟರಿ ಅಥವಾ ಗೆಜೆಟೆಡ್ ಆಫೀಸರ್ ಹತ್ರ ದೃಢೀಕರಿಸಿಕೊಂಡ್ರೆ ಆಯ್ತು, ಮೊದ್ಲು ಇದಕ್ಕೆ ಮ್ಯಾಜಿಸ್ಟ್ರೇಟ್ ಬೇಕಿತ್ತು, 2023ರಲ್ಲಿ ಕೋರ್ಟೇ ಸಡಿಲ ಮಾಡ್ತು. ಕಾಪಿನ ಆ ಇಬ್ರಿಗೂ ಡಾಕ್ಟರಿಗೂ ಕೊಡಿ, ಬ್ಯಾಂಕ್ ಲಾಕರಲ್ಲಿ ಇಟ್ರೆ ಬೇಕಾದಾಗ ಸಿಗಲ್ಲ.

ಪತ್ರ ಇದೆ ಅಂತ ಯಾರೂ ತಕ್ಷಣ ಯಂತ್ರ ಕೀಳಲ್ಲ. ಮೂವರು ಡಾಕ್ಟರುಗಳ ಒಂದು ಬೋರ್ಡ್ ನೋಡುತ್ತೆ, ಅದನ್ನ ಇನ್ನೊಂದು ಬೋರ್ಡ್ ಮತ್ತೆ ಪರಿಶೀಲಿಸುತ್ತೆ, ಮ್ಯಾಜಿಸ್ಟ್ರೇಟರಿಗೆ ತಿಳಿಸಿದ ಮೇಲೇನೇ ಮುಂದಿನ ಹೆಜ್ಜೆ. ನಮ್ಮ ರಾಜ್ಯದ ಆರೋಗ್ಯ ಇಲಾಖೆನೂ 2025ರ ಜನವರಿಯಲ್ಲಿ ಇದಕ್ಕೆ ಸುತ್ತೋಲೆ ಹೊರಡಿಸಿದೆ. ಇಷ್ಟು ಕಾವಲು ಬೇಕೇ ಬೇಕು, ಯಾಕಂದ್ರೆ ಬಿಲ್ ಕಟ್ಟೋಕಾಗ್ದೆ ಅಥವಾ ಆಸ್ತಿ ಆಸೆಗೆ "ಸಾಕು" ಅನ್ನೋರೂ ಇರ್ತಾರೆ. ದುಡ್ಡಿಲ್ಲ ಅನ್ನೋದೇ ಕಾರಣ ಆದ್ರೆ ಅದು ಪೇಷಂಟಿನ ಇಷ್ಟ ಅಲ್ಲ.

ಮನಸ್ಸು ಬದಲಾದ್ರೆ ಯಾವಾಗ ಬೇಕಾದ್ರೂ ಬರವಣಿಗೇಲಿ ರದ್ದು ಮಾಡ್ಬಹುದು, ಹಳೇ ಕಾಪಿ ಇರೋರಿಗೆಲ್ಲ ತಿಳಿಸಿ.