ದೀಪದ ಕಂಬದ ಮೇಲಿನ ಆ ಹಾಳೆಯನ್ನು ನಿಂತು ಓದಿ

ಇಂಗ್ಲೆಂಡಿಗೆ ಹೊಸದಾಗಿ ಬಂದಿದ್ದೀರಾ? ಬೀದಿಯ ಕಂಬಕ್ಕೆ ಪ್ಲಾಸ್ಟಿಕ್ ಹೊದಿಸಿದ ಒಂದು ಹಾಳೆ ಕಟ್ಟಿರುವುದನ್ನು ನೋಡಿರುತ್ತೀರಿ. ಅದು ಪ್ಲಾನಿಂಗ್ ನೋಟಿಸ್. ಹತ್ತಿರದಲ್ಲಿ ಯಾರೋ ಏನೋ ಕಟ್ಟಬೇಕೆಂದಿದ್ದಾರೆ, ನೀವೇನಂತೀರಿ ಎಂದು ಊರಿನ ಸ್ಥಳೀಯ ಆಡಳಿತವಾದ ಕೌನ್ಸಿಲ್ ಕೇಳುತ್ತಿದೆ. ಉತ್ತರ ಬರೆಯಲು ಸಾಮಾನ್ಯವಾಗಿ 21 ದಿನ ಇರುತ್ತದೆ.

ವೀಸಾದ ಮೇಲೆ ಬಂದವರು, ನಮಗ್ಯಾಕೆ ಅನ್ನಬೇಡಿ. ಇದಕ್ಕೆ ಪೌರತ್ವ ಬೇಡ, ಸ್ವಂತ ಮನೆಯೂ ಬೇಡ. ಆದರೆ ಬರೆಯುವ ರೀತಿ ಗೊತ್ತಿರಬೇಕು. ನಮ್ಮ ಮನೆಯ ಬೆಲೆ ಇಳಿಯುತ್ತದೆ ಎಂದರೆ ಅವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬೆಳಕು, ಸದ್ದು, ಟ್ರಾಫಿಕ್, ಮನೆಯೊಳಗೆ ಇಣುಕುವ ಕಿಟಕಿ, ಇಂಥವು ಲೆಕ್ಕಕ್ಕೆ ಬರುತ್ತವೆ. ಕಣ್ಣಾರೆ ಕಂಡದ್ದನ್ನೇ ಬರೆಯಿರಿ: "ಸಂಜೆ ಶಾಲೆ ಬಿಟ್ಟಾಗ ಈ ತಿರುವಿನಲ್ಲಿ ಫುಟ್‌ಪಾತ್ ಸಾಲದೆ, ಮಗುವಿನ ಗಾಡಿ ತಳ್ಳುವವರು ರಸ್ತೆಗೆ ಇಳಿಯುತ್ತಾರೆ." ದಿನಾ ಅಲ್ಲಿ ನಡೆಯುವವರಿಗೆ ಮಾತ್ರ ಇದು ಗೊತ್ತು, ಅಲ್ವಾ?

ಬೇರೆಯವರ ನಕ್ಷೆಗೆ ಉತ್ತರ ಕೊಡುವುದಷ್ಟೇ ಅಲ್ಲ, ಬೀದಿಯವರೇ ಮೊದಲು ಕೈಹಾಕಿದ್ದೂ ಇದೆ. ಲಿವರ್‌ಪೂಲಿನ ಗ್ರ್ಯಾನ್‌ಬಿಯಲ್ಲಿ ಸಾಲು ಸಾಲು ಮನೆಗಳು ಖಾಲಿ ಬಿದ್ದು, ಕೆಡವುವ ಮಾತು ನಡೆದಿತ್ತು. ಉಳಿದಿದ್ದ ಕೆಲವೇ ಮಂದಿ ಬೀದಿಯಲ್ಲಿ ಗಿಡ ನೆಟ್ಟರು, ಹಲಗೆ ಹೊಡೆದ ಕಿಟಕಿಗಳಿಗೆ ಬಣ್ಣ ಬಳಿದರು, ಸಂತೆ ನಡೆಸಿದರು. 2011ರಲ್ಲಿ ತಮ್ಮದೇ ಕಮ್ಯುನಿಟಿ ಲ್ಯಾಂಡ್ ಟ್ರಸ್ಟ್, ಅಂದರೆ ಜಾಗ, ಮನೆಗಳನ್ನು ಊರವರ ಪರವಾಗಿ ಇಟ್ಟುಕೊಳ್ಳುವ ಸಂಸ್ಥೆ, ಕಟ್ಟಿದರು. ಆಮೇಲೆ ಅಸೆಂಬಲ್ ಎಂಬ ವಿನ್ಯಾಸಕರ ಗುಂಪು ಅವರ ಜೊತೆ ಕೂತು ಹತ್ತು ಮನೆಗಳನ್ನು ಸರಿಮಾಡಿತು. ಕೆಡವಿದ ಇಟ್ಟಿಗೆಯ ಪುಡಿ, ಚೂರುಗಳನ್ನೇ ಎರಕ ಹೊಯ್ದು ಅಗ್ಗಿಷ್ಟಿಕೆಯ ಚೌಕಟ್ಟು ಮಾಡಿದರು! ಆ ಕೆಲಸಕ್ಕೆ ಬ್ರಿಟನ್ನಿನ ಹೆಸರಾಂತ ಕಲಾ ಪ್ರಶಸ್ತಿಯಾದ ಟರ್ನರ್ ಪ್ರಶಸ್ತಿ 2015ರಲ್ಲಿ ಬಂತು. ನನಗೆ ಪ್ರಶಸ್ತಿಗಿಂತ ಆ ಗಿಡದ ಕುಂಡಗಳೇ ದೊಡ್ಡವು. ಅವು ಮೊದಲು ಬಂದವು, ವಿನ್ಯಾಸಕರು ಆಮೇಲೆ.

ಇಡೀ ಬಡಾವಣೆಗೆ ನಕ್ಷೆ ಬರೆಯುವ ದಾರಿಯೂ ಇದೆ. 2011ರ ಲೋಕಲಿಸಂ ಕಾಯ್ದೆ ನೇಬರ್‌ಹುಡ್ ಪ್ಲಾನ್‌ಗೆ ಅವಕಾಶ ಕೊಟ್ಟಿತು. ಪ್ಯಾರಿಷ್ ಕೌನ್ಸಿಲ್ (ನಮ್ಮ ಗ್ರಾಮ ಪಂಚಾಯಿತಿಯಂಥದ್ದು) ಇರುವಲ್ಲಿ ಅದೇ ಮುಂದಾಳು. ಇಲ್ಲದ ಕಡೆ ಕನಿಷ್ಠ 21 ಜನ ಸೇರಿ ಫೋರಂ ಮಾಡಬಹುದು. ಹೊಸ ಮನೆಗಳು ಎಲ್ಲಿ ಬರಬೇಕು, ಯಾವ ಬಯಲು ಉಳಿಯಬೇಕು ಎಂದು ಬರೆಯುತ್ತಾರೆ. ಆದರೆ ಕೌನ್ಸಿಲ್ ಗೊತ್ತುಮಾಡಿದ್ದಕ್ಕಿಂತ ಮನೆಗಳನ್ನು ಕಡಿಮೆ ಮಾಡುವಂತಿಲ್ಲ.

ಕೊನೆಗೆ ಜನಮತ. ಹಾಕಿದ ಮತಗಳಲ್ಲಿ ಅರ್ಧಕ್ಕಿಂತ ಜಾಸ್ತಿ 'ಹೌದು' ಬಂದರೆ, ಆಮೇಲೆ ಬರುವ ಅರ್ಜಿಗಳನ್ನು ಅದರ ಪ್ರಕಾರವೂ ನೋಡಬೇಕು. ಇಲ್ಲಿ ವಾಸವಿರುವ ಭಾರತದ ಪಾಸ್‌ಪೋರ್ಟಿನವರು ಕಾಮನ್‌ವೆಲ್ತ್ ನಾಗರಿಕರು. ಆದ್ದರಿಂದ 18 ತುಂಬಿದ್ದರೆ ನೀವೂ ಮತ ಹಾಕಬಹುದು. ಮತಪಟ್ಟಿಯಲ್ಲಿ ಹೆಸರಿದೆಯಾ ಎಂದು ಈ ವಾರವೇ ಕೌನ್ಸಿಲ್‌ಗೆ ಫೋನ್ ಮಾಡಿ ಕೇಳಿ.